ಬುತ್ತಿ ಕಟ್ಟಿಕೊಂಡು ಬರುವ ಸಾಫ್ಟ್‌ವೇರ್: ಒಳಗಿನ ಹಳೆ ಲೈಬ್ರರಿಗೆ ಯಾರು ಹೊಣೆ?

ಸೈಕಲ್ ರ‍್ಯಾಲಿಯೊಂದಕ್ಕೆ ಪೋಸ್ಟರ್ ಮಾಡುತ್ತಿದ್ದೆ. ಲಿನಕ್ಸ್‌ನಲ್ಲಿ ಓಡುವ ಒಂದು ಪುಟ್ಟ ಡ್ರಾಯಿಂಗ್ ಪ್ರೋಗ್ರಾಂ ಬಳಸಿದ್ದೆ. ‘ರ‍್ಯಾಲಿ’ ಎಂದು ಟೈಪ್ ಮಾಡಿದರೆ ‘ರ’ ಅಕ್ಷರಕ್ಕೆ ಯ-ಒತ್ತು ಬರಬೇಕು. ಬರಲಿಲ್ಲ. ‘ಯಾ’ ಬಂದು ಅದರ ಪಕ್ಕದಲ್ಲಿ ಅರ್ಕಾವತ್ತು ಕೂತಿತ್ತು. ಅದೇ ಪದವನ್ನು ಲಿಬ್ರೆಆಫೀಸ್‌ನಲ್ಲಿ ಹಾಕಿ ನೋಡಿದೆ. ಸರಿಯಾಗಿ ಬಂತು. ಕಂಪ್ಯೂಟರ್ ಒಂದೇ, ಫಾಂಟ್ ಒಂದೇ, ಕಾಪಿ ಮಾಡಿ ಹಾಕಿದ ಪದವೂ ಅದೇ.

ಸಿಸ್ಟಮ್ ಪೂರ್ತಿ ಅಪ್‌ಡೇಟ್ ಮಾಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ಟರ್ಮಿನಲ್ ತೆರೆದು ‘ಎಲ್‌ಡಿಡಿ’ ಕಮಾಂಡ್ ಓಡಿಸಿದೆ. ಒಂದು ಪ್ರೋಗ್ರಾಂ ಸಿಸ್ಟಮ್‌ನಿಂದ ಯಾವ ಯಾವ ಲೈಬ್ರರಿಗಳನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಲೆಂದು ಬರೆದಿಟ್ಟ ಸಿದ್ಧ ಕೋಡನ್ನು, ಕರೆದುಕೊಳ್ಳುತ್ತದೆ ಎಂದು ಅದು ಪಟ್ಟಿ ಕೊಡುತ್ತದೆ. ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ ಕೂರಿಸುವ ಲೈಬ್ರರಿಯ ಹೆಸರೇ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ರೋಗ್ರಾಂನ ಸೋರ್ಸ್ ಕೋಡ್ ಇಳಿಸಿಕೊಂಡು ನೋಡಿದರೆ ‘ಥರ್ಡ್ ಪಾರ್ಟಿ’ ಎಂಬ ಫೋಲ್ಡರ್ ಸಿಕ್ಕಿತು. ಅದರೊಳಗೆ ಆ ಲೈಬ್ರರಿಯ ಒಂದು ಹಳೆ ಪ್ರತಿ ಇತ್ತು. ಯಾವ ಆವೃತ್ತಿ, ಎಲ್ಲಿಂದ ತಂದದ್ದು, ಯಾವಾಗ ತಂದದ್ದು, ಒಂದೂ ಬರೆದಿರಲಿಲ್ಲ. ನಾನು ಸಿಸ್ಟಮ್ ಲೈಬ್ರರಿಯನ್ನು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಈ ಪ್ರೋಗ್ರಾಂ ಅದರ ಕಡೆ ತಿರುಗಿ ನೋಡುವುದೇ ಇಲ್ಲ. ಅದು ತನ್ನ ಊಟವನ್ನು ತಾನೇ ಬುತ್ತಿ ಕಟ್ಟಿಕೊಂಡು ಬಂದಿತ್ತು.

ನನಗೆ ಕೆಟ್ಟದ್ದು ಒಂದು ಪೋಸ್ಟರ್ ಅಷ್ಟೇ. ಆದರೆ ಹೀಗೆ ಒಳಗೆ ಸೇರಿಕೊಂಡ ಹಳೆ ಕೋಡ್‌ನಲ್ಲಿ ಕನ್ನಡದ ಒತ್ತಕ್ಷರದ ಬದಲು ಭದ್ರತೆಯ ತೂತು ಇದ್ದರೆ? ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಪ್ಯಾಕೇಜ್ ಮಾಡಿ ಜನರಿಗೆ ತಲುಪಿಸುವವರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಪ್ರಶ್ನೆಯ ಜೊತೆ ಗುದ್ದಾಡುತ್ತಿದ್ದಾರೆ.

ಒಂದು ತೂತು, ನೂರಾರು ಪ್ರತಿ

ಝಡ್‌ಲಿಬ್ ಎಂಬ ಪುಟ್ಟ ಲೈಬ್ರರಿ ಇದೆ. ಡೇಟಾವನ್ನು ಒತ್ತಿ ಚಿಕ್ಕದು ಮಾಡುವುದು, ಮತ್ತೆ ಬಿಚ್ಚುವುದು ಅದರ ಕೆಲಸ. ನೀವು ನೋಡುವ ಪಿಎನ್‌ಜಿ ಚಿತ್ರ, ಜಿಪ್ ಫೈಲು, ಎಷ್ಟೋ ವೆಬ್ ಪುಟಗಳು ಇದೇ ಬಗೆಯ ಕೋಡ್ ಮೂಲಕ ಹಾದು ಬರುತ್ತವೆ. ಕೋಡ್ ಚಿಕ್ಕದು, ಲೈಸೆನ್ಸ್ ಉದಾರವಾದದ್ದು. ಹಾಗಾಗಿ ಎಲ್ಲರೂ ಅದನ್ನು ತಮ್ಮ ಪ್ರಾಜೆಕ್ಟ್‌ಗೆ ಸುಮ್ನೆ ಕಾಪಿ ಮಾಡಿಕೊಂಡರು. 2002ರ ಮಾರ್ಚ್‌ನಲ್ಲಿ ಅದರ 1.1.3 ಆವೃತ್ತಿಯಲ್ಲಿ ಒಂದು ಅಪಾಯದ ತಪ್ಪು ಹೊರಬಿತ್ತು. ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೊಮ್ಮೆ ಬಿಟ್ಟುಕೊಡುತ್ತಿತ್ತು. 1.1.4ರಲ್ಲಿ ಸರಿಪಡಿಸಿದರು. ಸಿಸ್ಟಮ್‌ನ ಝಡ್‌ಲಿಬ್ ಬಳಸುತ್ತಿದ್ದ ಪ್ರೋಗ್ರಾಂಗಳಿಗೆ ಒಂದೇ ಅಪ್‌ಡೇಟ್ ಸಾಕಾಯಿತು. ಕಾಪಿ ಮಾಡಿಕೊಂಡಿದ್ದ ಪ್ರತಿಯೊಂದನ್ನೂ ಬೇರೆ ಬೇರೆ ಹುಡುಕಿ ಸರಿ ಮಾಡಬೇಕಾಯಿತು. ಲಿನಕ್ಸ್ ಕರ್ನಲ್ ಒಳಗೂ ಆ ಕೋಡ್‌ನ ಪ್ರತಿ ಇತ್ತು.

ಅದೇ ಝಡ್‌ಲಿಬ್‌ನಲ್ಲಿ ಇನ್ನೊಂದು ತೂತು 2018ರಲ್ಲೇ ಗೊತ್ತಾಗಿ, ಮೂಲ ಕೋಡ್‌ನಲ್ಲಿ ತಿದ್ದಿಯೂ ಆಗಿತ್ತು. ಆದರೆ ಆ ತಿದ್ದುಪಡಿ ಇರುವ 1.2.12 ಬಿಡುಗಡೆ ಆದದ್ದು 2022ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ! 1.2.11 ಮತ್ತು ಅದಕ್ಕಿಂತ ಹಳೆಯ ಎಷ್ಟೋ ಆವೃತ್ತಿಗಳಲ್ಲಿ ಈ ತೂತು ಇದೆ.

ನಿಮ್ಮ ಕಂಪ್ಯೂಟರ್‌ನಲ್ಲಿರುವ ಯಾವುದಾದರೂ ಪ್ರೋಗ್ರಾಂ ಹಳೆ ಝಡ್‌ಲಿಬ್ ಹೊತ್ತುಕೊಂಡಿದೆಯಾ ಎಂದು ನೀವೇ ನೋಡಬಹುದು. ‘ಸ್ಟ್ರಿಂಗ್ಸ್’ ಎಂಬ ಕಮಾಂಡ್ ಒಂದು ಬೈನರಿ ಫೈಲ್‌ನೊಳಗೆ ಓದಲು ಬರುವ ಅಕ್ಷರಗಳನ್ನೆಲ್ಲ ಹೊರಗೆ ಹಾಕುತ್ತದೆ. ಅದರಲ್ಲಿ ‘ಡಿಫ್ಲೇಟ್’ ಎಂದು ಹುಡುಕಿ. ಝಡ್‌ಲಿಬ್ ಬರೆದವರು ತಮ್ಮ ಕೋಡ್‌ನಲ್ಲಿ ಒಂದು ಸಾಲು ಇಟ್ಟಿದ್ದಾರೆ: ‘ಡಿಫ್ಲೇಟ್ 1.2.11 ಕಾಪಿರೈಟ್ 1995-2017’, ಆಮೇಲೆ ಅವರ ಹೆಸರು. ಯಾರು ಎಲ್ಲಿ ಕಾಪಿ ಮಾಡಿಕೊಂಡರೂ ಆ ಸಾಲು ಜೊತೆಗೇ ಹೋಗುತ್ತದೆ. ಲಿನಕ್ಸ್ ಜೊತೆ ಪ್ರೋಗ್ರಾಂಗಳನ್ನೂ ಕಟ್ಟಿ ಜನರಿಗೆ ಕೊಡುವ ಯೋಜನೆಗಳಿಗೆ ಡಿಸ್ಟ್ರೋ ಎನ್ನುತ್ತಾರೆ. ಅಂಥದ್ದೊಂದಾದ ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು ತಪಾಸಣೆ ಮಾಡುವ ‘ಲಿಂಟಿಯನ್’ ಎಂಬ ಉಪಕರಣವೂ ಇಂಥ ಗುರುತಿನ ಸಾಲುಗಳನ್ನು ಹುಡುಕಿಯೇ ಒಳಗೆ ಅಡಗಿದ ಲೈಬ್ರರಿಗಳನ್ನು ಹಿಡಿಯುತ್ತದೆ. ನಾನು ಮೊದಲ ಸಲ ‘ಸ್ಟ್ರಿಂಗ್ಸ್’ ಓಡಿಸಿದ ದಿನ ಬಂದ ಸಾಲುಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬೇರೆ ಬೇರೆ ಪ್ರೋಗ್ರಾಂ, ಬೇರೆ ಬೇರೆ ವರ್ಷ.

2023ರ ಸೆಪ್ಟೆಂಬರ್‌ನ ಕಥೆ ಇನ್ನೂ ದೊಡ್ಡದು. ವೆಬ್‌ಪಿ ಎಂಬ ಚಿತ್ರದ ಫಾರ್ಮ್ಯಾಟ್ ಇದೆಯಲ್ಲ, ಅದನ್ನು ಬಿಚ್ಚಿ ತೋರಿಸುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಒಂದು ತೂತು ಸಿಕ್ಕಿತು. ಬೇಕೆಂದೇ ಕೆಡಿಸಿದ ಒಂದು ಚಿತ್ರ ತೆರೆದರೆ ಸಾಕು, ಪ್ರೋಗ್ರಾಂನ ಮೆಮೊರಿ ಮೇಲೆ ದಾಳಿಕೋರನ ಕೈ ಬೀಳುವ ಸಾಧ್ಯತೆ. ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಇದನ್ನು ವರದಿ ಮಾಡಿದವು. ಆಗಲೇ ಕೆಲವರ ಮೇಲೆ ಇದನ್ನು ಬಳಸಿಯೂ ಆಗಿತ್ತು. ಗೂಗಲ್ ಸೆಪ್ಟೆಂಬರ್ 11ರಂದು ಕ್ರೋಮ್‌ಗೆ ಅಪ್‌ಡೇಟ್ ಬಿಟ್ಟಿತು. ಭದ್ರತೆಯ ತೂತುಗಳಿಗೆ ಸಿವಿಇ ಎಂಬ ಗುರುತಿನ ಸಂಖ್ಯೆ ಕೊಡುತ್ತಾರೆ. ಈ ತೂತಿನ ಸಂಖ್ಯೆಯ ವಿವರದಲ್ಲಿ ‘ಕ್ರೋಮ್’ ಎಂದಷ್ಟೇ ಇತ್ತು.

ಎಡವಟ್ಟಾದದ್ದು ಇಲ್ಲೇ. ತೂತು ಇದ್ದದ್ದು ಕ್ರೋಮ್‌ನಲ್ಲಿ ಮಾತ್ರ ಅಲ್ಲ, ಅದು ಹೊತ್ತಿದ್ದ ಲೈಬ್ರರಿಯಲ್ಲಿ. ಅದೇ ಲೈಬ್ರರಿ ಫೈರ್‌ಫಾಕ್ಸ್‌ನಲ್ಲೂ ಇತ್ತು. ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಮಾಡಿದ ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲೂ ಇತ್ತು. ಎಲೆಕ್ಟ್ರಾನ್ ಅಂದರೆ ಒಳಗೆ ಪೂರ್ತಿ ಕ್ರೋಮಿಯಮ್ ಬ್ರೌಸರನ್ನೇ ತುಂಬಿಕೊಂಡ ಪೆಟ್ಟಿಗೆ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಇಂಥ ಐದು ಆ್ಯಪ್ ಇದ್ದರೆ ಐದು ಬ್ರೌಸರ್ ಇದ್ದ ಹಾಗೆ. ಅವುಗಳನ್ನು ನೋಡಿಕೊಳ್ಳುವವರಿಗೆ ‘ಇದು ಕ್ರೋಮ್ ಬಗ್, ನಮ್ಮದಲ್ಲ’ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಎರಡು ವಾರ ಕಳೆದ ಮೇಲೆ ಲೈಬ್ರರಿಯ ಹೆಸರಿನಲ್ಲೇ ಇನ್ನೊಂದು ಸಂಖ್ಯೆ ಬಂತು. ಅದು ಮೊದಲಿನದ್ದೇ ಎಂದು ತಿರಸ್ಕರಿಸಿ, ಮೊದಲಿನ ಸಂಖ್ಯೆಯ ವಿವರಕ್ಕೆ ಲೈಬ್ರರಿಯ ಹೆಸರು ಸೇರಿಸಿದರು.

ಆ ದಿನಗಳಲ್ಲಿ ಡೆಬಿಯನ್ ಏನು ಮಾಡಿತು ನೋಡಿ. ಲಿಬ್‌ವೆಬ್‌ಪಿ ಪ್ಯಾಕೇಜ್‌ಗೆ ಒಂದು ಅಪ್‌ಡೇಟ್ ಬಿಟ್ಟಿತು. ಅದನ್ನು ಸಿಸ್ಟಮ್‌ನಿಂದ ಬಳಸುವ ಪ್ರೋಗ್ರಾಂಗಳೆಲ್ಲ ಮತ್ತೆ ಬಿಲ್ಡ್ ಆಗದೆಯೇ, ಅಂದರೆ ಸೋರ್ಸ್ ಕೋಡ್‌ನಿಂದ ಮತ್ತೆ ಕಟ್ಟದೆಯೇ, ಬಚಾವಾದವು. ಫೈರ್‌ಫಾಕ್ಸ್, ಥಂಡರ್‌ಬರ್ಡ್ ತಮ್ಮದೇ ಪ್ರತಿ ಹೊತ್ತಿದ್ದವು, ಅವಕ್ಕೆ ಬೇರೆ ಬೇರೆ ಅಪ್‌ಡೇಟ್ ಬೇಕಾಯಿತು. ಒಂದೇ ತೂತಿಗೆ ಎರಡು ಥರದ ದುಡಿಮೆ.

ಕಾಪಿ ಮಾಡುವವರ ಮಾತೂ ಕೇಳಬೇಕು

ಡೆಬಿಯನ್‌ನ ಪಾಲಿಸಿಯಲ್ಲಿ 4.13ನೇ ಭಾಗ ಇದರ ಬಗ್ಗೆಯೇ ಇದೆ. ಬೇರೆಯವರ ಲೈಬ್ರರಿಯ ಪ್ರತಿ ಒಳಗೆ ಬಂದಿದ್ದರೆ ಅದನ್ನು ಬಳಸಬೇಡಿ, ಸಿಸ್ಟಮ್‌ನಲ್ಲಿರುವುದನ್ನು ಬಳಸಿ ಎನ್ನುತ್ತದೆ. ಕಾಪಿ ಮಾಡಿಕೊಳ್ಳಲೆಂದೇ ಬರೆದ ಕೋಡ್‌ಗೆ ಮಾತ್ರ ವಿನಾಯಿತಿ. ಗ್ನೂಲಿಬ್ ಅಂಥದ್ದು. ಇನ್ನೊಂದು ಡಿಸ್ಟ್ರೋ ಫೆಡೋರಾ ಇನ್ನೂ ಗಟ್ಟಿಯಾಗಿತ್ತು. ಒಳಗೆ ಲೈಬ್ರರಿ ಇಟ್ಟುಕೊಳ್ಳಬೇಕಾದರೆ ಸಮಿತಿಯ ಮುಂದೆ ಹೋಗಿ ಒಪ್ಪಿಗೆ ಪಡೆಯಬೇಕಿತ್ತು. ಈ ಕಾರಣಕ್ಕೇ ಕ್ರೋಮಿಯಮ್ ಬ್ರೌಸರ್ 2016ರವರೆಗೂ ಫೆಡೋರಾದ ಅಧಿಕೃತ ಪ್ಯಾಕೇಜ್‌ಗಳಲ್ಲಿ ಇರಲಿಲ್ಲ.

ಹಾಗಾದರೆ ಸಾಫ್ಟ್‌ವೇರ್ ಬರೆಯುವವರು ಯಾಕೆ ಕಾಪಿ ಮಾಡುತ್ತಾರೆ? ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಅದು ಅನ್ಯಾಯ. ವಿಂಡೋಸ್‌ನಲ್ಲಿ ಸಿಸ್ಟಮ್ ಲೈಬ್ರರಿಗಳ ಇಂಥ ಉಗ್ರಾಣ ಇಲ್ಲ. ಅಲ್ಲಿನ ಬಳಕೆದಾರರಿಗೂ ಪ್ರೋಗ್ರಾಂ ಓಡಬೇಕಾದರೆ ಎಲ್ಲವನ್ನೂ ಜೊತೆಗೇ ಕೊಡಬೇಕು. ಜೊತೆಗೆ, ತಾವು ಪರೀಕ್ಷೆ ಮಾಡಿದ್ದು ಯಾವ ಆವೃತ್ತಿಯ ಜೊತೆಗೋ ಅದನ್ನೇ ಜನ ಬಳಸಲಿ ಎಂಬ ಆಸೆ ತಪ್ಪಲ್ಲ. ಡಿಸ್ಟ್ರೋದವರು ಬೇರೆ ಆವೃತ್ತಿ ಕೂರಿಸಿ ಏನಾದರೂ ಕೆಟ್ಟರೆ, ಬಗ್ ರಿಪೋರ್ಟ್ ಬಂದು ಬೀಳುವುದು ಮೂಲ ಲೇಖಕರ ತಲೆಯ ಮೇಲೆ.

ಕೆಲವು ಸಲ ವ್ಯತ್ಯಾಸ ಕಣ್ಣಿಗೇ ಕಾಣದ ಕಡೆ ಇರುತ್ತದೆ. ಫೈರ್‌ಫಾಕ್ಸ್ ತನ್ನ ಹಿಸ್ಟರಿ, ಬುಕ್‌ಮಾರ್ಕ್‌ಗಳನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿಯ ಮೂಲಕ ಇಡುತ್ತದೆ. ನೀವು ಹಿಸ್ಟರಿ ಅಳಿಸಿದರೆ ಡೇಟಾಬೇಸ್ ಫೈಲ್‌ನಲ್ಲಿ ಆ ಜಾಗವನ್ನು ಸೊನ್ನೆಗಳಿಂದ ತುಂಬಿ ನಿಜವಾಗಿ ಅಳಿಸಬೇಕು. ಎಸ್‌ಕ್ಯೂಲೈಟನ್ನು ಒಂದು ನಿರ್ದಿಷ್ಟ ಆಯ್ಕೆ ಕೊಟ್ಟು ಕಂಪೈಲ್ ಮಾಡಿದ್ದರೆ ಅದು ತಾನಾಗಿ ಆಗುತ್ತದೆ. ಅದಕ್ಕೇ ಹಿಂದೆ ಸಿಸ್ಟಮ್‌ನ ಎಸ್‌ಕ್ಯೂಲೈಟ್ ಜೊತೆ ಫೈರ್‌ಫಾಕ್ಸ್ ಬಿಲ್ಡ್ ಮಾಡಹೊರಟವರಿಗೆ, ಆ ಆಯ್ಕೆ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಂತುಬಿಡುತ್ತಿತ್ತು. ಹೆಸರು ಒಂದೇ, ಆವೃತ್ತಿ ಒಂದೇ, ಆದರೂ ಲೈಬ್ರರಿ ಒಂದೇ ಅಲ್ಲ.

ಡಿಸ್ಟ್ರೋದವರ ಕೈಯಿಂದಲೂ ತಪ್ಪಾಗಿದೆ. 2006ರಲ್ಲಿ ಡೆಬಿಯನ್ ತನ್ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಪ್ಯಾಕೇಜ್‌ನಲ್ಲಿ ಮಾಡಿದ ಒಂದು ಪುಟ್ಟ ತಿದ್ದುಪಡಿಯಿಂದ, ಗುಟ್ಟಿನ ಕೀಲಿಗಳನ್ನು ಊಹಿಸಲು ಬರುವಂತಾಯಿತು. ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ಒಂದೇ ಪ್ರತಿಯನ್ನು ಎಲ್ಲರೂ ಬಳಸಿದರೆ ಒಂದೇ ತಪ್ಪು ಎಲ್ಲರಿಗೂ ಹೋಗುತ್ತದೆ.

ಡೇಟಾ ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝಡ್ ಉಪಕರಣದ 2024ರ ಪ್ರಕರಣವೂ ಇದನ್ನೇ ತೋರಿಸಿತು. ಅದರ ಲಿಬ್‌ಎಲ್‌ಝಡ್‌ಎಂಎ ಎಂಬ ಹಂಚಿಕೆಯ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದರು. ದೂರದ ಕಂಪ್ಯೂಟರ್‌ಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಮಾರ್ಚ್ 29ರಂದು ಬಯಲು ಮಾಡಿದರು. ಹಳೆ ಪ್ರತಿಯನ್ನು ಒಳಗೇ ಇಟ್ಟುಕೊಂಡಿದ್ದ ಪ್ರೋಗ್ರಾಂಗಳಿಗೆ ಆ ಸಲ ಏನೂ ಆಗಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಆದರೆ ಇನ್ನೊಂದು ವಿಷಯವೂ ಇದೆ. ಆ ಹಿಂಬಾಗಿಲನ್ನು ತೆರೆಯುವ ಬಿಲ್ಡ್ ಸ್ಕ್ರಿಪ್ಟ್ ಎಲ್ಲರೂ ಕೋಡ್ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಟಾರ್‌ಬಾಲ್‌ನಲ್ಲಿ, ಅಂದರೆ ಸೋರ್ಸ್ ಕೋಡ್‌ನ ಕಟ್ಟಿನಲ್ಲಿ ಮಾತ್ರ ಇತ್ತು. ದುಷ್ಟ ಕೋಡ್ ಅಡಗಿದ್ದದ್ದು ಪರೀಕ್ಷೆಗೆಂದು ಇಟ್ಟ ಬೈನರಿ ಫೈಲುಗಳಲ್ಲಿ. ಅಂದರೆ ಯಾರೂ ತೆರೆದು ಓದದ ಮೂಲೆಯಲ್ಲಿ. ಕಾಪಿ ಮಾಡಿ ತಂದ ‘ಥರ್ಡ್ ಪಾರ್ಟಿ’ ಫೋಲ್ಡರ್ ಕೂಡ ಅಂಥದ್ದೇ ಮೂಲೆ ಅಲ್ವಾ? ಅಪ್‌ಡೇಟ್ ಬೇಗ ಬರುವುದೂ ಅಪಾಯ, ಬರದಿರುವುದೂ ಅಪಾಯ. ಆದರೆ ಹಿಂಬಾಗಿಲು ಗೊತ್ತಾದ ದಿನವೇ ಡಿಸ್ಟ್ರೋಗಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಾದದ್ದು ಅದು ಎಲ್ಲೆಲ್ಲಿದೆ ಎಂಬ ಲೆಕ್ಕ ಇದ್ದದ್ದರಿಂದ.

ಹಾಗಾಗಿ ನನ್ನ ಮಟ್ಟಿಗೆ ಕಾಪಿ ಮಾಡಬೇಕೋ ಬೇಡವೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಆ ಪ್ರತಿ ಅಲ್ಲಿದೆ ಎಂದು ಬರೆದಿಟ್ಟಿದ್ದಾರಾ, ಮತ್ತು ಅದನ್ನು ನೋಡಿಕೊಳ್ಳಲು ಒಬ್ಬರು ಇದ್ದಾರಾ ಎನ್ನುವುದು.

ಫೆಡೋರಾ 2015ರಲ್ಲಿ ಬಂದು ನಿಂತದ್ದೂ ಸುಮಾರು ಇಲ್ಲಿಗೇ. ಸಮಿತಿಯ ಒಪ್ಪಿಗೆ ಬೇಕು ಎಂಬ ನಿಯಮ ಸಡಿಲಿಸಿದರು. ಸಿಸ್ಟಮ್ ಲೈಬ್ರರಿ ಬಳಸಲು ಬಂದರೆ ಬಳಸಿ. ಆಗದಿದ್ದರೆ ಪ್ಯಾಕೇಜ್‌ನ ವಿವರ ಬರೆಯುವ ಸ್ಪೆಕ್ ಫೈಲ್‌ನಲ್ಲಿ ‘ಬಂಡಲ್ಡ್’ ಎಂದು ಲೈಬ್ರರಿಯ ಹೆಸರು, ಆವೃತ್ತಿ ಹಾಕಿ. ಒಂದೇ ಸಾಲು. ನಾಳೆ ಆ ಲೈಬ್ರರಿಯಲ್ಲಿ ತೂತು ಬಂದರೆ ಒಂದು ಕಮಾಂಡ್ ಓಡಿಸಿ, ಅದನ್ನು ಹೊತ್ತ ಪ್ಯಾಕೇಜ್‌ಗಳ ಪಟ್ಟಿ ತೆಗೆಯಬಹುದು. ಡೆಬಿಯನ್‌ನ ಭದ್ರತಾ ತಂಡವೂ ಇಂಥದ್ದೊಂದು ದೊಡ್ಡ ಪಟ್ಟಿ ಇಟ್ಟುಕೊಂಡು ಬಂದಿದೆ.

ಗೋ ಮತ್ತು ರಸ್ಟ್ ಭಾಷೆಗಳು ಬಂದ ಮೇಲೆ ಇದು ಇನ್ನಷ್ಟು ಕಷ್ಟವಾಗಿದೆ. ಅವುಗಳಲ್ಲಿ ಮಾಡಿದ ಪ್ರೋಗ್ರಾಂಗಳಲ್ಲಿ ಲೈಬ್ರರಿಗಳೆಲ್ಲ ಒಂದೇ ಬೈನರಿಯೊಳಗೆ ಬೆಸೆದುಹೋಗುತ್ತವೆ. ಸೋರ್ಸ್‌ನಲ್ಲಿ ಬೇರೆ ಬೇರೆ ಪ್ಯಾಕೇಜ್ ಮಾಡಿದರೂ, ಒಂದು ಲೈಬ್ರರಿ ಸರಿಪಡಿಸಿದಾಗ ಅದನ್ನು ಬಳಸಿದ ಪ್ರತಿಯೊಂದು ಪ್ರೋಗ್ರಾಂ ಮತ್ತೆ ಬಿಲ್ಡ್ ಆಗಲೇಬೇಕು. ಡೆಬಿಯನ್ ತನ್ನ ಬಿಡುಗಡೆ ಟಿಪ್ಪಣಿಯಲ್ಲೇ ಗೋ, ರಸ್ಟ್ ಪ್ಯಾಕೇಜ್‌ಗಳಿಗೆ ಭದ್ರತಾ ಬೆಂಬಲ ಸೀಮಿತ ಎಂದು ಬಿಚ್ಚಿ ಹೇಳಿದೆ. 2020ರಲ್ಲಿ ಗೋ ಭಾಷೆಯ ಕುಬರ್ನೆಟಿಸ್ ಎಂಬ ಸರ್ವರ್ ನಿರ್ವಹಣೆಯ ಸಾಫ್ಟ್‌ವೇರನ್ನು ಒಳಗಿನ ಲೈಬ್ರರಿಗಳ ಸಮೇತ ಡೆಬಿಯನ್‌ಗೆ ಹಾಕಿದಾಗ ದೊಡ್ಡ ವಾದ ನಡೆದು ತಾಂತ್ರಿಕ ಸಮಿತಿಯವರೆಗೂ ಹೋಯಿತು. ಸಮಿತಿ ಪ್ಯಾಕೇಜ್ ಮಾಡಿದವರ ನಿರ್ಧಾರವನ್ನು ತಳ್ಳಿಹಾಕಲಿಲ್ಲ. ಜಾವಾದಲ್ಲೂ ಕಥೆ ಇದೇ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಲೈಬ್ರರಿಯಲ್ಲಿ ತೂತು ಬಂದಾಗ, ಜಾವಾ ಕೋಡನ್ನು ಕಟ್ಟಿಡುವ ಜಾರ್ ಫೈಲಿನೊಳಗೆ ಜಾರ್ ಫೈಲು ಬಿಚ್ಚುತ್ತಾ ಎಂಜಿನಿಯರುಗಳು ರಾತ್ರಿಗಟ್ಟಲೆ ಕೂತರು. ಪ್ರೋಗ್ರಾಂ ಜೊತೆಗೆ ಅದಕ್ಕೆ ಬೇಕಾದ್ದನ್ನೂ ಕಟ್ಟಿಕೊಡುವ ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಕಂಟೇನರ್‌ಗಳಲ್ಲೂ ಅದೇ ಪ್ರಶ್ನೆ, ಗಾತ್ರ ಮಾತ್ರ ದೊಡ್ಡದು.

ಪ್ಯಾಕೇಜ್ ಮಾಡಲು ಕೂತಾಗ

ನಾನು ಮಾಡುವ ಕ್ರಮ ಹೇಳುತ್ತೇನೆ. ಟಾರ್‌ಬಾಲ್ ಬಿಚ್ಚಿದ ಕೂಡಲೇ ಬಿಲ್ಡ್ ಮಾಡಬೇಡಿ. ಮೊದಲು ಫೋಲ್ಡರ್‌ಗಳ ಹೆಸರು ಓದಿ. ‘ಥರ್ಡ್ ಪಾರ್ಟಿ’, ‘ವೆಂಡರ್’, ‘ಎಕ್ಸ್‌ಟರ್ನ್’, ‘ಡೆಪ್ಸ್’, ‘ಕಾಂಟ್ರಿಬ್’, ಇವು ಸಾಮಾನ್ಯ ಹೆಸರುಗಳು. ಒಳಗೆ ಸಿಕ್ಕ ಪ್ರತಿಯ ಮೂಲ ಆವೃತ್ತಿಯನ್ನು ಬೇರೆಯಾಗಿ ಇಳಿಸಿಕೊಂಡು ‘ಡಿಫ್’ ಕಮಾಂಡ್‌ನಿಂದ ಎರಡನ್ನೂ ಹೋಲಿಸಿ. ಮುಂದಿನ ದಾರಿ ಗೊತ್ತಾಗುವುದು ಇಲ್ಲೇ.

ವ್ಯತ್ಯಾಸ ಏನೂ ಇಲ್ಲದಿದ್ದರೆ ಕೆಲಸ ಹಗುರ. ಬಿಲ್ಡ್ ಆಯ್ಕೆಗಳಲ್ಲಿ ಸಿಸ್ಟಮ್ ಲೈಬ್ರರಿ ಬಳಸುವ ಸ್ವಿಚ್ ಇದೆಯಾ ನೋಡಿ, ಹಾಕಿ. ಅಷ್ಟಕ್ಕೇ ಬಿಡಬೇಡಿ. ಬಿಲ್ಡ್ ಶುರುವಾಗುವ ಮುಂಚೆ ಆ ಫೋಲ್ಡರನ್ನೇ ಅಳಿಸಿಹಾಕಿ. ಯಾಕೆಂದರೆ ಎಷ್ಟೋ ಬಿಲ್ಡ್ ಸ್ಕ್ರಿಪ್ಟ್‌ಗಳು ಸಿಸ್ಟಮ್ ಲೈಬ್ರರಿ ಸಿಗದಿದ್ದರೆ ಸದ್ದಿಲ್ಲದೆ ಒಳಗಿನ ಪ್ರತಿಯನ್ನೇ ತೆಗೆದುಕೊಳ್ಳುತ್ತವೆ. ಫೋಲ್ಡರ್ ಇಲ್ಲದಿದ್ದರೆ ಬಿಲ್ಡ್ ಮುರಿದುಬೀಳುತ್ತದೆ, ನಿಮಗೆ ಗೊತ್ತಾಗುತ್ತದೆ. ಮುರಿದದ್ದು ಒಳ್ಳೆಯದೇ.

ವ್ಯತ್ಯಾಸ ಇದ್ದರೆ ಆ ತಿದ್ದುಪಡಿ ಯಾಕೆ ಮಾಡಿದರು ಎಂದು ಬರೆದವರನ್ನೇ ಕೇಳಬೇಕು. ಬಹಳ ಸಲ ಅದು ಹತ್ತು ಸಾಲಿನ ಪ್ಯಾಚ್ ಆಗಿರುತ್ತದೆ, ಲೈಬ್ರರಿಯ ಮೂಲ ಪ್ರಾಜೆಕ್ಟ್‌ಗೆ ಕಳಿಸಬೇಕು ಎಂದುಕೊಂಡು ಮರೆತಿರುತ್ತಾರೆ. ಅದನ್ನು ಕಳಿಸುವ ಕೆಲಸ ನೀವೇ ಮಾಡಿಕೊಟ್ಟರೆ ಇಬ್ಬರಿಗೂ ಉಪಕಾರ. ಸಿಟ್ಟಿನಿಂದ ಬರೆದ ಬಗ್ ರಿಪೋರ್ಟ್‌ಗಿಂತ ಒಂದು ಪ್ಯಾಚ್ ಬೇಗ ಕೆಲಸ ಮಾಡುತ್ತದೆ.

ಲೈಸೆನ್ಸ್ ಮರೆಯಬೇಡಿ. ಹೊರಗಿನ ಪ್ರೋಗ್ರಾಂನ ಲೈಸೆನ್ಸ್ ಒಂದು, ಒಳಗಿನ ಲೈಬ್ರರಿಯದ್ದು ಇನ್ನೊಂದು. ಡೆಬಿಯನ್‌ನಲ್ಲಿ ಕಾಪಿರೈಟ್ ಫೈಲ್‌ನಲ್ಲಿ ಎಲ್ಲವನ್ನೂ ಬರೆಯಬೇಕು, ಬಿಟ್ಟುಹೋದರೆ ಹೊಸ ಪ್ಯಾಕೇಜ್ ವಾಪಸ್ ಬರುತ್ತದೆ. ಒತ್ತಿ ಚಿಕ್ಕದು ಮಾಡಿದ ಜಾವಾಸ್ಕ್ರಿಪ್ಟ್ ಫೈಲ್ ಇದ್ದು ಅದರ ಮೂಲ ಕೋಡ್ ಇಲ್ಲದಿದ್ದರೂ ವಾಪಸ್ಸೇ. ಆಗ ಅವನ್ನು ತೆಗೆದು ಟಾರ್‌ಬಾಲ್ ಮತ್ತೆ ಕಟ್ಟಬೇಕಾಗುತ್ತದೆ.

ಪ್ರಾಜೆಕ್ಟ್‌ಗಳ ಕಡೆಯಿಂದ ಇದನ್ನು ಚೆನ್ನಾಗಿ ಮಾಡುವುದು ಹೇಗೆ ಎಂದು ನೋಡಬೇಕಾದರೆ ಗೊಡೊ ಎಂಬ ಗೇಮ್ ಎಂಜಿನ್ ನೋಡಿ. ಅದೂ ಹತ್ತಾರು ಲೈಬ್ರರಿಗಳನ್ನು ಒಳಗೇ ಇಟ್ಟುಕೊಂಡಿದೆ. ಆದರೆ ಆ ಫೋಲ್ಡರ್‌ನಲ್ಲಿ ಒಂದು ರೀಡ್‌ಮಿ ಫೈಲ್ ಇದೆ. ಪ್ರತಿ ಲೈಬ್ರರಿ ಎಲ್ಲಿಂದ ಬಂತು, ಯಾವ ಆವೃತ್ತಿ, ಯಾವ ಲೈಸೆನ್ಸ್, ಯಾವ ಯಾವ ಫೈಲ್ ತೆಗೆದುಕೊಂಡರು, ಏನೇನು ತಿದ್ದಿದರು, ಎಲ್ಲವೂ ಅಲ್ಲಿದೆ. ಬೇಡವಾದರೆ ಬಹಳಷ್ಟು ಲೈಬ್ರರಿಗಳಿಗೆ ‘ಒಳಗಿನದ್ದು ಬೇಡ, ಸಿಸ್ಟಮ್‌ನದ್ದು ಬಳಸು’ ಎನ್ನುವ ಸ್ವಿಚ್ ಇದೆ. ಕನ್ನಡಿಗರಿಗೆ ಇದು ದೂರದ ಮಾತಲ್ಲ. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಸೇರಿದ ಮೇಲೆಯೇ ಅದರಲ್ಲಿ ಕನ್ನಡದಂಥ ಲಿಪಿಗಳ ಒತ್ತಕ್ಷರಗಳು ಜೋಡಿಯಾಗಿ ಬರಲು ಶುರುವಾದದ್ದು. ಲಿಬ್ರೆಆಫೀಸ್ ಕೂಡ 2017ರ 5.3 ಆವೃತ್ತಿಯಿಂದ ಎಲ್ಲ ಕಡೆ ಹಾರ್ಫ್‌ಬಜ್ ಬಳಸುತ್ತದೆ. ನಮ್ಮ ಅಕ್ಷರ ಸರಿಯಾಗಿ ಕಾಣಬೇಕಾದರೆ ಯಾವ ಪ್ರೋಗ್ರಾಂ ಒಳಗೆ ಯಾವ ಕಾಲದ ಪ್ರತಿ ಇದೆ ಎನ್ನುವುದು ನಮಗೆ ಮುಖ್ಯವೇ.

ಇಷ್ಟು ದಿನ ಇದು ಡಿಸ್ಟ್ರೋದವರ ತಲೆನೋವು ಆಗಿತ್ತು. ಈಗ ಕಾನೂನಿಗೂ ಬಂದಿದೆ. ಸಾಫ್ಟ್‌ವೇರ್ ಒಳಗೆ ಏನೇನಿದೆ ಎಂಬ ಪಟ್ಟಿಗೆ ಎಸ್‌ಬಿಒಎಂ ಎನ್ನುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ತನ್ನ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ಇದನ್ನು ಸೇರಿಸಿತು. ಯುರೋಪ್‌ನ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಪ್ರಕಾರ, ದಾಳಿಕೋರರು ಬಳಸುತ್ತಿರುವ ತೂತಿನ ಬಗ್ಗೆ ತಯಾರಕರು 24 ಗಂಟೆಯೊಳಗೆ ಮೊದಲ ಎಚ್ಚರಿಕೆ ಕೊಡಬೇಕು. ಈ ನಿಯಮ ಜಾರಿಯಾಗುವ ದಿನ 2026ರ ಸೆಪ್ಟೆಂಬರ್ 11. ಉಳಿದ ಮುಖ್ಯ ನಿಯಮಗಳಿಗೆ 2027ರ ಡಿಸೆಂಬರ್ 11. ಬೆಂಗಳೂರಿನಲ್ಲಿ ಕೂತು ಯುರೋಪ್‌ನ ಮಾರುಕಟ್ಟೆಗೆ ಸಾಧನ, ಸಾಫ್ಟ್‌ವೇರ್ ಮಾಡುವವರಿಗೂ ಇದು ಅನ್ವಯಿಸುತ್ತದೆ. ಒಳಗೆ ಏನಿದೆ ಎಂದು ಗೊತ್ತಿಲ್ಲದವರು 24 ಗಂಟೆಯಲ್ಲಿ ಏನು ಹೇಳಲು ಸಾಧ್ಯ? ಪಟ್ಟಿ ತೆಗೆಯುವ ಉಪಕರಣಗಳು ಪ್ಯಾಕೇಜ್ ಮ್ಯಾನೇಜರ್‌ನ ದಾಖಲೆ ನೋಡಿ ಪಟ್ಟಿ ಮಾಡುತ್ತವೆ. ಕೈಯಿಂದ ಕಾಪಿ ಮಾಡಿ ಹಾಕಿದ ಫೋಲ್ಡರ್ ಬಹಳ ಸಲ ಅವುಗಳ ಕಣ್ಣಿಗೆ ಬೀಳುವುದಿಲ್ಲ.

ನನ್ನ ಡ್ರಾಯಿಂಗ್ ಪ್ರೋಗ್ರಾಂಗೆ ಸಿಸ್ಟಮ್ ಲೈಬ್ರರಿಯ ಸ್ವಿಚ್ ಇರಲಿಲ್ಲ. ಬಿಲ್ಡ್ ಫೈಲ್‌ನಲ್ಲಿ ಎಂಟು ಸಾಲು ಸೇರಿಸಿ, ಹಳೆ ಫೋಲ್ಡರ್ ಅಳಿಸಿ ಮತ್ತೆ ಬಿಲ್ಡ್ ಮಾಡಿದೆ. ‘ರ‍್ಯಾಲಿ’ ಸರಿಯಾಗಿ ಬಂತು. ಆ ಎಂಟು ಸಾಲಿನ ಪ್ಯಾಚನ್ನು ಪ್ರಾಜೆಕ್ಟ್‌ಗೆ ಕಳಿಸಿದೆ, ಪೋಸ್ಟರ್‌ನ ಎರಡು ಚಿತ್ರಗಳನ್ನೂ ಜೊತೆಗಿಟ್ಟೆ. ವಿಂಡೋಸ್ ಬಳಕೆದಾರರಿಗಾಗಿ ಫೋಲ್ಡರ್ ಇರಲೇಬೇಕು ಎಂದು ಪ್ರಾಜೆಕ್ಟ್‌ನವರು ಹೇಳಿದರು, ನಾನು ಒಪ್ಪಿದೆ. ಈಗ ಸ್ವಿಚ್ ಇದೆ. ಫೋಲ್ಡರ್‌ನಲ್ಲಿ ಹೊಸ ಪ್ರತಿ ಇದೆ, ಅದರ ಪಕ್ಕದಲ್ಲಿ ಮೂರು ಸಾಲಿನ ಒಂದು ರೀಡ್‌ಮಿ ಕೂಡ ಇದೆ: ಎಲ್ಲಿಂದ, ಯಾವ ಆವೃತ್ತಿ, ಯಾವ ದಿನ.